ಕಾಂಗರೂ ಇದ್ದ ಒಡಪು

ನಮ್ಮ ಸರ್‌ಗೆ ನೆನಪು ಇರಲಿಲ್ಲ ಅಂತಲ್ಲ. ಇತ್ತು. ಆದ್ರ ಅದನ್ನ ತಮ್ಮ ಹತ್ರ ಇಟಗೊಂತಿರಲಿಲ್ಲ, ಊರ ಮಂದಿಗೆ ಹಂಚಿಬಿಟ್ಟಿದ್ರು. ಸ್ಕೂಟರ್ ಎಲ್ಲಿ ನಿಲ್ಲಿಸ್ಯಾರ ಅನ್ನೋದು ಶಾಲಿ ಜವಾನಗ ಗೊತ್ತಿರಬೇಕು. ಪರೀಕ್ಷಾ ಯಾವಾಗ ಅನ್ನೋದು ನನಗ ಗೊತ್ತಿರಬೇಕು. ಒಮ್ಮೆ ಯಾರಿಗೋ ರಕ್ತ ಕೊಡಾಕ ಹೋದಾಗ ಡಾಕ್ಟರ್ "ನಿಮ್ಮ ಗ್ರೂಪ್ ಯಾವುದ್ರಿ?" ಅಂತ ಕೇಳಿದ್ರ, "ಬಸ್‌ಸ್ಟ್ಯಾಂಡ್ ಎದುರಿನ ಔಷಧಿ ಅಂಗಡಿಯವಗ ಗೊತ್ತೈತಿ, ಫೋನ್ ಹಚ್ಚರಿ" ಅಂದಿದ್ರಂತ.

"ಏನ್ರಿ ಸರ್, ನಿಮ್ಮದು ನಿಮಗ ಗೊತ್ತಿರಬಾರದಾ?" ಅಂತ ನಾ ಬೈದ್ರ, ಸೀಮಿಸುಣ್ಣ ಹತ್ತಿದ ಕೈಲೇ ತಲಿ ತಟ್ಟಿ ತೋರಸತಿದ್ರು. "ಅಕ್ಕೋರ, ಇದು ಗೋದಾಮಲ್ರಿ, ಗಿರಣಿ. ಗಿರಣಿ ತುಂಬ ಚೀಲ ಒಟ್ಟಿದ್ರ ಬೀಸೋದು ಎಲ್ಲಿ?" ಹಂಗ ತಟ್ಟಿ ತಟ್ಟಿ ಅವರ ಕೂದಲು ವಯಸ್ಸಾಗೋಕಿಂತ ಮೊದಲೇ ಬೆಳ್ಳಗಾಗಿ ಕೂತಿತ್ತು.

ಶಹಾಪುರದ ನಮ್ಮ ಹೈಸ್ಕೂಲಿನ್ಯಾಗ ಅವರು ಗಣಿತ ಕಲಸೋರು, ನಾನು ಕನ್ನಡ. ಅವರ ಮನಿಗೂ ನಮ್ಮ ಮನಿಗೂ ನಡುವ ಒಂದ ಗ್ವಾಡಿ. ಹೋದ ತಿಂಗಳು ತೀರಿಕೊಂಡ್ರು. ಶಾಲ್ಯಾಗ ಶ್ರದ್ಧಾಂಜಲಿ ಸಭಾ ಮಾಡಿದ್ರು, ಒಬ್ಬರು ಎದ್ದು ನಿಂತು "ಗಣಿತ ಲೋಕದ ಧ್ರುವತಾರೆ ಕಳಚಿತು" ಅಂದ್ರು. ನನಗ ಮೈಯೆಲ್ಲಾ ಉರೀತು. ಧ್ರುವತಾರಿ ಅಂತ ಧ್ರುವತಾರಿ! ಆ ಮನುಷ್ಯ ಒಂದ ಕಾಲಿಗೆ ಕರೆ ಬೂಟು, ಒಂದ ಕಾಲಿಗೆ ಕೆಂಪ ಬೂಟು ಹಾಕ್ಕೊಂಡು ಝಂಡಾ ಏರಿಸಾಕ ಬಂದವರು. ಅಂಥಾವರನ್ನ ಒಯ್ದು ಆಕಾಶಕ್ಕ ಅಂಟಿಸಿಬಿಟ್ರ, ಬಾಜೂ ಮನಿಯಾಗ ಇದ್ದ ನಾವು ಯಾರನ್ನ ನೆನಸೂನು? ಅದಕ್ಕ ಇದನ್ನ ಬರೀಲಿಕತ್ತೇನಿ.

ಮೊದಲ ಮಷಿನ್ ಕತಿ ಹೇಳಬೇಕು. ಒಂದಿನ ಸ್ಟಾಫ್ ರೂಮಿಗೆ ಓಡಿಬಂದ್ರು. ಕಣ್ಣು ಹೊಳಿಯಾಕತ್ತಿದ್ವು. "ಅಕ್ಕೋರ, ನಾ ಹುಟ್ಟಿದಾಗಿಂದ ಲೆಕ್ಕ ಬಿಡಿಸಾಕತ್ತೇನಿ, ಯಾರರ ಒಂದ ಕಪ್ ಚಾ ಕುಡಿಸ್ಯಾರೇನು? ಈಗ ಒಂದು ಬಂದೈತ್ರಿ. ಕಂಪ್ಯೂಟರ್ ಲೆಕ್ಕ ಬಿಡಿಸಿದ್ರ ಕಾಯಿನ್ ಕೊಡ್ತಾರಂತ!"

"ಯಾರು ಕೊಡ್ತಾರ್ರಿ?"

"ಯಾರೂ ಇಲ್ರಿ. ಅದ ಅದರ ಚಂದ."

ಬಿಟ್‌ಕಾಯಿನ್ ಹೆಸರು ನಾನೂ ಕೇಳಿದ್ದೆ. ಇದು ಅದಲ್ಲ, ಅದರ ಎಷ್ಟನೇದೋ ತಮ್ಮ. ಅದರ ಹೆಸರು ನಮ್ಮ ಓಣ್ಯಾಗ ಯಾರ ನಾಲಿಗಿಗೂ ಹತ್ತಲಿಲ್ಲ, ನಾವು "ಸರ್ ಕಾಯಿನ್" ಅಂತನ ಕರದ್ವಿ. ಹೈದ್ರಾಬಾದಿಗೆ ಹೋಗಿ ಯಾರೋ ವಾಪರಿಸಿ ಬಿಟ್ಟ ಮಷಿನ್ ತಗೊಂಡು, ಕೌದ್ಯಾಗ ಸುತ್ತಿ, ರೈಲಿನ್ಯಾಗ ಯಾದಗಿರಿಗೆ ಇಳದು, ಅಲ್ಲಿಂದ ಟಂಟಂ ಹತ್ತಿ ಕೂಸಿನ್ನ ಹಿಡಕೊಂಡಂಗ ತೊಡಿ ಮ್ಯಾಲ ಇಟಗೊಂಡು ಬಂದ್ರು. ಟಂಟಂನ್ಯಾಗ ಕೂತ ಒಬ್ಬ ಮುದುಕಿ ಕೌದಿ ನೋಡಿ "ಗಂಡೋ ಹೆಣ್ಣೋ?" ಅಂತ ಕೇಳಿದ್ಲಂತ.

ರೊಕ್ಕ ಎಲ್ಲಿಂದ ಬಂತು ಅಂದ್ರ, ವೈನಿಯವರ ಕೊಳ್ಳಾಗಿಂದ ಬಂತು. ವೈನಿ ಅಂದ್ರ ಸರ್ ಹೆಂಡ್ತಿ. ಅವರ ತವರುಮನಿ ಬೋರಮಾಳ, ಅಗದೀ ತುಂಬುಗುಂಡಿನ ಬಂಗಾರದ ಸರ. "ಬರೋ ಪಂಚಮಿಗೆ ನನ್ನ ಕೈಯಾರೆ ತಂದು ಕೊಳ್ಳಾಗ ಹಾಕ್ತೀನಿ" ಅಂತ ಸರ್ ಮಾತು ಕೊಟ್ರು. ವೈನಿ ಕೇಳಿದ ಕೂಡ್ಲೆ ಬಿಚ್ಚಿ ಕೊಟ್ರು. "ಯಾಕ ಕೊಟ್ರಿ ವೈನಿ?" ಅಂತ ನಾ ಸಿಟ್ಟಿಗೆದ್ರ, "ಲಗ್ನಾದಾಗಿಂದ ಏನೂ ಕೇಳಿದವರಲ್ಲ ಅಕ್ಕೋರ. ಚಾ ಸುದ್ದಾ ಕೇಳಂಗಿಲ್ಲ, ಕುಡಿಯೋದ ಮರತಿರತಾರ. ಒಂದ ಸಲ ಕೇಳ್ಯಾರ, ಹ್ಯಾಂಗ ಒಲ್ಲೆ ಅನ್ಲಿ?" ಅಂದ್ರು.

ಮಷಿನ್ ಚಾಲೂ ಮಾಡೋ ದಿನ ಓಣಿಗೆ ಓಣಿನ ಬಂದು ಕೂತಿತ್ತು. ಅಲ್ಯುಮಿನಿಯಂ ಸ್ಟ್ಯಾಂಡಿನ ಮ್ಯಾಲ ಸಾಲಾಗಿ ಕರೆ ಕರೆ ಕಾರ್ಡು, ಒಂದೊಂದಕ್ಕೂ ಫ್ಯಾನು. ಸರ್ ಬಟನ್ ಒತ್ತಿದ್ರು. ಖಾರದ ಗಿರಣಿ ಚಾಲೂ ಆದಂಗ ಸಪ್ಪಳ. ಎದುರು ಮನಿ ಆಯಿ ಸ್ಟ್ಯಾಂಡಿನ ಕೆಳಗ ಬಗ್ಗಿ ನೋಡಿ, "ಸರ್, ಕೆಳಗ ಬುಟ್ಟಿನ ಇಟ್ಟಿಲ್ಲಲ್ಲೋ, ಕಾಯಿನ್ ಎಲ್ಲಿ ಬೀಳತಾವ?" ಅಂದ್ಲು.

"ಆಯಿ, ಇವು ಕಣ್ಣಿಗೆ ಕಾಣೂ ಕಾಯಿನ್ ಅಲ್ಲ."

"ಮುಟ್ಟಾಕ?"

"ಬರಂಗಿಲ್ಲ."

"ಕಿರಾಣಿ ಅಂಗಡ್ಯಾಗ ಕೊಡಾಕ?"

"ಸದ್ಯ ಬರಂಗಿಲ್ಲ."

"ಹಂಗಾರ ನಮ್ಮ ಮನಿಯಾಗೂ ಭಾಳ ಅದಾವ ಬಿಡಪ್ಪ ಅಂಥಾವು" ಅಂದು ಆಯಿ ಸೀರಿ ಝಾಡಿಸಿ ಎದ್ದು ಹ್ವಾದ್ಲು. ಸರ್ ಎಲ್ಲಾರಕಿಂತ ಜೋರಾಗಿ ನಕ್ಕರು. ತಮ್ಮ ಮ್ಯಾಲ ಬಂದ ಚ್ಯಾಷ್ಟಿಗೆ ಅವರಷ್ಟು ಖುಷಿ ಪಡೋ ಗಂಡಸ್ರನ್ನ ನಾ ನೋಡಿಲ್ಲ.

ಇನ್ನ ಆ ಮಷಿನ್ ಝಳ! ನಮ್ಮದೇನು ಊಟಿ ಅಲ್ಲ. ಬ್ಯಾಸಗ್ಯಾಗ ಮಲಗಿದ ಬುದ್ಧನಂಗ ಕಾಣೋ ನಮ್ಮೂರ ಗುಡ್ಡ ಸುದ್ದಾ ಎದ್ದು ನೆರಳಿಗೆ ಹೋಗಬೇಕು, ಅಂಥಾ ಬಿಸಲು. ಅಂಥಾ ಊರಾಗ ಒಂದು ಖೋಲಿ ತುಂಬ ಬೆಂಕಿ ಮಾಡಿಟ್ರು. ಆದ್ರ ಮಳಿಗಾಲ ಬಂದ ಕೂಡ್ಲೆ ಹೆಣಮಕ್ಕಳು ಅದರ ಬೆಲಿ ಕಂಡುಕೊಂಡ್ರು. ಮೋಡ ಮುಸುಕಿದ್ರ ಹಪ್ಪಳ, ಸಂಡಿಗಿ, ಶಾವಗಿ ಎಲ್ಲಾ ಸರ್ ಖೋಲಿಗೆ. ಅಡ್ಡ ಹಗ್ಗ ಕಟ್ಟಿ ಇಳಿಬಿಟ್ರ ಮಧ್ಯಾಹ್ನದೊಳಗ ಕುರುಕುರು. ಸರ್ ಹಪ್ಪಳದ ನಡುವ ತಲಿ ತೂರಿಸಿ "ಅಕ್ಕೋರ, ಇವತ್ತು ಚೂರು ಕಾಯಿನ್ ಹುಟ್ಟೇತಿ" ಅಂತ ಒದರಿ ಹೇಳೋರು. ಕಾಯಿನ್ ಎಷ್ಟು ಹುಟ್ಟಿದ್ವೋ ಗೊತ್ತಿಲ್ಲ, ಹಪ್ಪಳ ಮಾತ್ರ ಭರ್ಜರಿ ಇರತಿದ್ವು.

ಈಗ ಒಡಪಿನ ಸುದ್ದಿ. ಆ ಕಾಯಿನ್ ಇಡೋ ಪಾಕೀಟಿಗೆ ವಾಲೆಟ್ ಅಂತಾರ. ಮಷಿನ್ ಕೆಟ್ರೂ ವಾಲೆಟ್ ಮತ್ತ ತೆರಿಯಾಕ ಹನ್ನೆರಡು ಇಂಗ್ಲಿಷ್ ಶಬ್ದ ಕೊಟ್ಟಿರತಾರ. ಅವು ಅದ ಸಾಲಿನ್ಯಾಗ, ಒಂದೂ ಹಿಂದಮುಂದ ಆಗದಂಗ ನೆನಪಿರಬೇಕು. ಯಾರಿಗೂ ಹೇಳಬಾರದು. ಕಾಗದದ ಮ್ಯಾಲ ಬರದಿಟ್ರ ನಮ್ಮ ಕಡಿ ಗೆದ್ದಲು ಬಿಡಂಗಿಲ್ಲ. ಫೋನಿನ್ಯಾಗ ಇಟ್ರ ಕಳ್ಳರು ಬಿಡಂಗಿಲ್ಲ. ಸರ್ ತಲಿ ಅಂತೂ ಗಿರಣಿ. ಇನ್ನ ಇಡೋದು ಎಲ್ಲಿ? ಹೆಂಡ್ತಿ ಬಾಯಾಗ ಇಟ್ರು.

ನಮ್ಮ ಕಡಿ ಹೆಣಮಕ್ಕಳು ಗಂಡನ ಹೆಸರು ಸುಮ್ಮ ಸುಮ್ಮನ ಹೇಳಂಗಿಲ್ಲ. ಲಗ್ನ, ಕುಬಸ, ತೊಟ್ಟಲ ಕಾರ್ಯ, ಎಲ್ಲಿ ನಾಕು ಮಂದಿ ಹೆಣಮಕ್ಕಳು ಕೂಡ್ತಾರೋ ಅಲ್ಲೆ "ಹೆಸರು ಹೇಳು, ಹೆಸರು ಹೇಳು" ಅಂತ ಕಾಡ್ತಾರ. ಆಗ ಪ್ರಾಸ ಹಚ್ಚಿ ಒಂದು ಒಡಪು ಕಟ್ಟಿ, ಅದರ ಕಡೀಕ ಹೆಸರು ಸೇರಿಸಿ ನಾಚಗೊಂತ ಹೇಳಬೇಕು. ಸರ್ ಆ ಹನ್ನೆರಡೂ ಶಬ್ದ ಸಾಲಾಗಿ ಹೊಸದು ಒಂದು ಒಡಪಿಗೆ ಕೂಡಿಸಿ ವೈನಿಗೆ ಬಾಯಿಪಾಠ ಮಾಡಿಸಿದ್ರು:

ಟಿಕೆಟ್ ತಗಸಿ ಬಸ್ ಹತ್ತಿ ಸ್ಕೂಲ್ ಬಿಟ್ಟ ಅಂಕಲ್ ನಿಂತಾರ,
ಅಂಬ್ರೆಲಾದಾಗ ಮ್ಯಾಂಗೋ, ಲೆಮನ್, ಶುಗರ್ ಕಟಗೊಂಡು ತಂದಾರ,
ಟೈಗರ್ ಕಂಡ್ರ ಅಂಜೂದಿಲ್ಲ, ಕಾಂಗರೂ ಕಂಡ್ರ ನಗತಾರ,
ಡಾಕ್ಟರ್ ಬ್ಯಾಡ, ಲ್ಯಾಂಪ್ ಹಚ್ಚರಿ...

ಇಲ್ಲೆ ಸರ್ ಹೆಸರು, ಆಮ್ಯಾಲ "ಮನಿಗೆ ಬಂದಾರ." ಇಷ್ಟ.

"ಇದರಾಗ ಏನೈತಿ ಅಂತ ಯಾರಿಗೂ ಹೇಳಬ್ಯಾಡ" ಅಂದಿದ್ರು. ವೈನಿ ಯಾರಿಗೂ ಹೇಳಲಿಲ್ಲ, ಖರೇ. ಆದ್ರ ಒಡಪು? ಗಂಡ ತನಗಂತ ಕಟ್ಟಿಕೊಟ್ಟ ಒಡಪನ್ನ ಯಾವ ಹೆಣ್ಣು ಮುಚ್ಚಿಡತಾಳ್ರಿ? ಸುರಪುರದ ಲಗ್ನದಾಗ ಹೇಳಿದ್ರು, ರಾಮಸಮುದ್ರದ ತೊಟ್ಟಲದಾಗ ಹೇಳಿದ್ರು, ಅಬ್ಬೆತುಮಕೂರಿನ ಮಠದಾಗ ಪ್ರಸಾದಕ್ಕ ಕೂತ ಪಂಕ್ತ್ಯಾಗೂ ಹೇಳಿದ್ರು. ಇಂಗ್ಲಿಷ್ ಒಡಪು ಅಂತ ಅದಕ್ಕ ಹೆಸರ ಬಿತ್ತು. ಹೆಣಮಕ್ಕಳು ಕಲಿತು, ತಮ್ಮ ತಮ್ಮ ಗಂಡಂದಿರ ಹೆಸರು ಹಚ್ಚಿ ಊರೂರಿಗೆ ಒಯ್ದ್ರು.

ಗುಟ್ಟು ಸರ್ ಬಾಯಿಂದನ ಕೇಳಿದ್ದ ನಾನು ಓಡಿಹೋಗಿ ಅಂದೆ: "ಸರ್, ನಿಮ್ಮ ತಿಜೋರಿ ಕೀಲಿ ಜಿಲ್ಲಾಕ್ಕೆಲ್ಲಾ ಗೊತ್ತಾತಲ್ರಿ!"

ಸರ್ ಆರಾಮ ಇದ್ರು. "ಅಕ್ಕೋರ, ಒಡಪು ಕೇಳೋ ಕಳ್ಳ ಎಲ್ಲಿದ್ದಾನ್ರಿ? ಗಂಡಸ್ರು ಅದನ್ನ ಕೇಳಂಗೇ ಇಲ್ಲ. ಹೆಂಗಸ್ರು ಕಡೀ ಹೆಸರು ಯಾವಾಗ ಬರತೈತಿ ಅಂತ ಕಾಯತಿರತಾರ."

ಕೇಳೋ ಗಂಡಸು ಒಬ್ಬ ಇದ್ದ, ಖುದ್ದ ಸರ್. ಲಗ್ನದಾಗ ಹೆಣಮಕ್ಕಳ ಸಾಲಿನ ಹಿಂದ ಚಪ್ಪಲ್ ಹುಡುಕೋ ನೆವ ಮಾಡಿ ನಿಂದ್ರೋರು. ವೈನಿ ಬಾಯಾಗ ತಮ್ಮ ಹೆಸರು ಬಂತೂ ಅಂದ್ರ ಮಾರಿ ಮ್ಯಾಲ ಬೆಳಕು ಬೀಳತಿತ್ತು. ಒಮ್ಮೆ ನಾ ಹಿಡದು ಕೇಳೇಬಿಟ್ಟೆ. "ಚಪ್ಪಲ್ ಕಾಲಾಗ ಅದಾವಲ್ರಿ ಸರ್?" "ಹೌದಲ್ರಿ!" ಅಂದು ನಾಚಗೊಂಡು ಹ್ವಾದ್ರು.

ಪಂಚಮಿ ಬಂತು, ಹೋತು. ಬೋರಮಾಳ ಬರಲಿಲ್ಲ. ಸರ್ ಕಾಯಿನ್ ಬೆಲಿ ಪಾತಾಳಕ್ಕ ಇಳದಿತ್ತು. ವೈನಿ ಬರೇ ತಾಳಿಲೇ ಹಬ್ಬ ಮಾಡಿದ್ರು. ಆದ್ರ ಸುರಪುರದಾಗ ಒಂದು ಲಗ್ನಕ್ಕ ಹೋದಾಗ ಅವರ ಕಾಕನ ಮಗಳು ತುಂಬಿದ ಮಂದ್ಯಾಗ, "ಅಕ್ಕಾ, ಬೋರಮಾಳ ಕಂಪ್ಯೂಟರ್ ನುಂಗ್ತಂತ. ತಾಳಿ ಯಾವಾಗ ನುಂಗತೈತಿ?" ಅಂದುಬಿಟ್ಲು. ಅವತ್ತು ಮನಿಗೆ ಬಂದು ವೈನಿ ಗ್ವಾಡಿ ಮ್ಯಾಲಿಂದ ನನಗ ಕೇಳೋಹಂಗ ಹೇಳಿದ್ರು: "ಇನ್ನ ನಾ ಇವರ ಹೆಸರು ಹೇಳಂಗಿಲ್ಲ. ಎಲ್ಲೂ ಹೇಳಂಗಿಲ್ಲ."

ಹೇಳಲಿಲ್ಲ. ಯಾವ ಕಾರ್ಯಕ್ಕ ಹ್ವಾದ್ರೂ ತಮ್ಮ ಪಾಳಿ ಬಂದ ಕೂಡ್ಲೆ "ಗಂಟಲ ಕೆಟ್ಟೈತಿ" ಅನ್ನೋರು. ಸರ್ ಹಿಂದ ನಿಂತು ಕೇಳಿ, ಚಪ್ಪಲ್ ಮೆಟಗೊಂಡು ಸುಮ್ಮನ ಹೊರಬೀಳತಿದ್ರು. ನನಗ ಇಬ್ಬರ ಮ್ಯಾಲೂ ಸಿಟ್ಟು, ಇಬ್ಬರನ್ನ ನೋಡಿ ಸಂಕಟ.

ಮುಂದ ಮಳಿಗಾಲದಾಗ ಮಷಿನ್ ಸುಟ್ಟಿತು. ಯಾರದೋ ಹಸಿ ಸಂಡಿಗಿ ಹಿಟ್ಟು ಹಗ್ಗದಿಂದ ಕಾರ್ಡಿನ ಮ್ಯಾಲ ತೊಟ್ಟಿಕ್ಕಿ, ಢಂ ಅಂತ ಸಪ್ಪಳಾಗಿ, ಖೋಲಿ ತುಂಬ ಹೊಗಿ, ಜೋಡಿಗೆ ಕರದ ಸಂಡಿಗಿ ವಾಸನಿ. ಅದು ಯಾರ ಸಂಡಿಗಿ ಅನ್ನೋದು ನಮ್ಮ ಓಣ್ಯಾಗ ಇವತ್ತಿಗೂ ಬಗಿಹರದಿಲ್ಲ. ಸರ್ ಮಾತ್ರ ಫಿಕರ್ ಮಾಡಲಿಲ್ಲ. ವೈನಿ ಕಾರ್ಡು ಕಿತ್ತು ಒಗದು ಆ ಸ್ಟ್ಯಾಂಡಿನ್ಯಾಗ ತಾಟು ಜೋಡಿಸಿಟ್ರು. ಬರೋಬ್ಬರಿ ಕೂತ್ವು.

ಆಮ್ಯಾಲ ಒಂದಿನ ಸರ್ ಕಾಯಿನ್ ಬೆಲಿ ಏರಿತು. ಎಲ್ಲಾರೂ ಮರತಿದ್ದ ಕಾಯಿನ್, ಎದ್ದು ಕುಣಿಯಾಕತ್ತಿತು. ಸರ್ ಪೇಪರ್ ಹಿಡಕೊಂಡು ಓಡಿಬಂದ್ರು. "ಬೋರಮಾಳ ಬಂತ್ರಿ ಅಕ್ಕೋರ!"

"ಮಷಿನ್ ತಾಟಿನ ಸ್ಟ್ಯಾಂಡ್ ಆಗೇತಲ್ರಿ?"

"ಕಾಯಿನ್ ಮಷಿನ್ಯಾಗ ಇರಂಗಿಲ್ರಿ. ಹನ್ನೆರಡು ಶಬ್ದ ಇದ್ರ ನನ್ನ ಫೋನಿನ್ಯಾಗ ತೆರೀತೈತಿ."

"ಶಬ್ದ ಎಲ್ಲಿ ಅದಾವ್ರಿ?"

ಸರ್ ಅಡಗಿಮನಿ ಕಡಿ ನೋಡಿದ್ರು. ಒಳಗ ವೈನಿ ರೊಟ್ಟಿ ಬಡಿಯೋ ಸಪ್ಪಳ ಜೋರಾತು.

"ನೀವ ಕಟ್ಟಿದ್ದಲ್ರಿ, ನಿಮಗ ನೆನಪಿಲ್ಲಾ?"

"ಕಟ್ಟಿ ಕೊಟ್ಟಮ್ಯಾಲ ಅದು ಆಕಿದಾತಲ್ರಿ. ಶುಗರ್ ತನಕ ಬರತೈತಿ. ಆಮ್ಯಾಲ ಒಂದು ಪ್ರಾಣಿ, ಇನ್ನೊಂದು ಪ್ರಾಣಿ..."

ಕೇಳಾಕ ಒಳಗ ಹ್ವಾದ್ರು. "ಮೊದಲ ಬೋರಮಾಳ, ಆಮ್ಯಾಲ ಒಡಪು" ಅಂದ್ರು ವೈನಿ. "ಒಡಪು ಇಲ್ದ ಬೋರಮಾಳ ಹ್ಯಾಂಗ ಬರತೈತಿ?" ಅಂದ್ರು ಸರ್. "ಹೋಗುವಾಗ ಹ್ಯಾಂಗ ಹೋತೋ ಹಂಗ" ಅಂದ್ರು ವೈನಿ. ರೊಟ್ಟಿ ಬಡಿಯೋದು ನಿಲ್ಲಲಿಲ್ಲ.

ನನ್ನನ್ನ ಕೇಳಿದ್ರು. ನಾನೂ ಆ ಒಡಪು ಹೇಳಾಕಿನ. ಆದ್ರ ನಾ ಕನ್ನಡದಾಕಿ, ಅಷ್ಟು ಇಂಗ್ಲಿಷ್ ಹ್ಯಾಂಗ ಸಹಿಸಲಿ? ಛತ್ರಿ, ಲಿಂಬಿಹಣ್ಣು, ಸಕ್ಕರಿ ಅಂತ ಎಲ್ಲಾ ತಿದ್ದಿಟ್ಟಿದ್ದೆ. ಹುಲಿ ಆದಮ್ಯಾಲ ಪ್ರಾಸಕ್ಕ ಚಂದ ಅಂತ ಹುಲ್ಲೆ ಹಾಕಿದ್ದೆ, ಮೊದಲ ಅಲ್ಲೆ ಏನಿತ್ತು ಅನ್ನೋದ ಮರತಿದ್ದೆ. ಈಗಲೂ ನನ್ನ ಒಡಪ ಛಲೋ ಅನ್ನಾಕಿ ನಾನು, ಆದ್ರ ಅದರಿಂದ ವಾಲೆಟ್ ತೆರಿಯಂಗಿಲ್ಲ.

ಹಿಂಗಾಗಿ ಸರ್ ಊರೂರಿಗೆ ಒಡಪು ಹುಡುಕಾಕ ಹೊಂಟ್ರು, ನನ್ನ ಜೋಡಿ ಮಾಡಿಕೊಂಡು. ಕಕ್ಕೇರಾದಾಗ ಒಂದು ಲಗ್ನ, ಕುರಿ ಸಾಕೋ ಮನಿತನ. ಮದುಮಗಳ ಅತ್ತಿಗಿ ಅದ ಒಡಪು ಎತ್ತಿದ್ಲು. ಸರ್ ನನ್ನ ಹಿಂದ ತುದಿಗಾಲ ಮ್ಯಾಲ ನಿಂತ್ರು. "ಟೈಗರ್ ಕಂಡ್ರ ಅಂಜೂದಿಲ್ಲ, ಕುರಿ ಕಂಡ್ರ ನಗತಾರ..."

"ತಂಗೀ, ಅಲ್ಲೆ ಕುರಿ ಇತ್ತೇನವಾ?" ಅಂತ ಸರ್ ನಡುವನ ಬಾಯಿ ಹಾಕಿದ್ರು.

"ಇಲ್ರಿ, ಏನೋ ಒಂದು ಕಾಣದ ಜೀವಾ ಇತ್ತು. ಶುಭಕಾರ್ಯದಾಗ ಕಾಣದ ಜೀವಾ ಯಾಕಂತ ನಮ್ಮ ಕುರಿ ಹಾಕೀನಿ. ಕುರಿ ಕಂಡ್ರ ನಮ್ಮ ಮನಿಯವರು ಖರೇನ ನಗತಾರ."

ಇನ್ನೊಬ್ಬಾಕಿ ಗಂಡ ಕಂಪೌಂಡರ್, ಆಕಿ ಡಾಕ್ಟರನ್ನ ತಗದು ಕಂಪೌಂಡರನ್ನ ಕೂಡಿಸಿದ್ಲು. ಮತ್ತೊಬ್ಬಾಕಿಗೆ ಶುಗರ್ ಬಂದಿತ್ತು, ಡಾಕ್ಟರ್ ಬ್ಯಾಡಂದಾರ ಅಂತ ಶುಗರ್ ಬಿಟ್ಟಿದ್ಲು. ಸರ್ ಬಂದ ಬಂದದ್ದನ್ನೆಲ್ಲಾ ಫೋನಿಗೆ ಒತ್ತಿ ನೋಡೋರು. ಅದು ಒಲ್ಲೆ ಅನ್ನೋದು. "ತಪ್ಪು ಅವರದಲ್ರಿ ಅಕ್ಕೋರ" ಅಂದ್ರು ಬರುವಾಗ ಬಸ್ಸಿನ್ಯಾಗ. "ಒಬ್ಬೊಬ್ಬಾಕಿ ತನ್ನ ಗಂಡಗ ಹೊಂದೋಹಂಗ ಮಾಡ್ಯಾಳ. ನನಗ ಹೊಂದೋದು ಒಬ್ಬಾಕಿ ಹತ್ರನ ಐತಿ." ಅಷ್ಟಂದು ಕಿಡಕ್ಯಾಗ ಮಾರಿ ಮಾಡಿಕೊಂಡು ಕೂತ್ರು.

ಆಮ್ಯಾಲ ನಮ್ಮ ಬಸರಿ ಮಗಳ ಕುಬಸ ಬಂತು. ನಮ್ಮ ಮನಿ ಪಡಸಾಲಿ ತುಂಬ ಹೆಣಮಕ್ಕಳು. ಸರ್ ಮೊದಲ ಬಂದು ನಡುಮನಿ ಪರದೆ ಹಿಂದ ಫೋನ್ ಹಿಡಕೊಂಡು ನಿಂತಿದ್ರು. ವೈನಿ ಹೇಳಿಬಿಟ್ರ ಒತ್ತೇ ಒತ್ತೋದು ಅಂತ ಅವರ ಹಂಚಿಕಿ. ಪಾಳಿ ವೈನಿಗೆ ಬಂತು. "ಗಂಟಲ ಕೆಟ್ಟೈತಿ" ಅಂದ್ರು. "ನಿಮ್ಮ ಗಂಟಲ ಏನು ಡಾಂಬರ್ ರಸ್ತಾ ಏನ್ರಿ, ರಿಪೇರಿನ ಆಗವಲ್ದು!" ಅಂತ ಹುಡುಗ್ಯಾರು ಕಾಡಿದ್ರು. ವೈನಿ ತಲಿ ಕೆಳಗ ಹಾಕಿದ್ರು. ಕಣ್ಣಾಗ ನೀರು ಬಂದಿದ್ದು ನಾ ಕಂಡೆ.

ಸರ್‌ಗೂ ಕಂಡಿರಬೇಕು. ಪರದೆ ಸರಿಸಿ ಹೊರಗ ಬಂದುಬಿಟ್ರು. ಹೆಣಮಕ್ಕಳೆಲ್ಲಾ ಸೆರಗು ಸರಿಮಾಡಿಕೊಂಡು ಹೌಹಾರಿದ್ರು.

"ಆಕಿನ್ನ ಕಾಡಬ್ಯಾಡ್ರಿ. ನಾನ ಹೇಳ್ತೀನಿ" ಅಂದು, ಶಾಲ್ಯಾಗ ಪದ್ಯ ಒಪ್ಪಿಸೋಹಂಗ ಕೈ ಕಟ್ಟಿ ನಿಂತು, ವೈನಿ ಹೆಸರು ಹಚ್ಚಿ ಹೇಳಿದ್ರು: "ಹತ್ತರಾಗ ಹತ್ತು ಕಳದ್ರ ಉಳಿಯೂದು ಸೊನ್ನಿ, ನೀನು ಮಾತಾಡದಿದ್ರ ನಾನೊಂದು ಖಾಲಿ ದೊನ್ನಿ!"

ಪಡಸಾಲಿ ಬಿದ್ದು ಬಿದ್ದು ನಕ್ಕಿತು. ಸರ್ ನಗಲಿಲ್ಲ. "ಮಾತು ಕೊಟ್ಟು ನಡಸಲಿಲ್ಲ, ನಂದ ತಪ್ಪು. ಕಾಯಿನ್ ಹಾಳಾಗಿ ಹೋಗ್ಲಿ, ಅದು ನನಗ ಬ್ಯಾಡ. ನಿನ್ನ ಬಾಯಾಗ ನನ್ನ ಹೆಸರು ಕೇಳಿ ಭಾಳ ದಿನಾತು. ಅದೊಂದು ನನಗ ತಡಕೊಳ್ಳಾಕ ಆಗವಲ್ದು" ಅಂದ್ರು. ಎಲ್ಲಾರ ಮುಂದ ಅಂದ್ರು. ಆ ವಯಸ್ಸಿನ್ಯಾಗ, ಅಷ್ಟು ಹೆಣಮಕ್ಕಳ ನಡುವ.

ವೈನಿ ಸೆರಗಿಂದ ಕಣ್ಣು ಒರಸಿಕೊಂಡ್ರು. ಆಮ್ಯಾಲ ನೆಟ್ಟಗ ಕೂತು, ಟಿಕೆಟಿನಿಂದ ಹಿಡದು ಲ್ಯಾಂಪ್ ತನಕ, ಒಂದೂ ತಪ್ಪದಂಗ ಹೇಳಿ, ಕಡೀಕ ಹೆಸರು ಹೇಳಿದ್ರು. ಸರ್ ಬಾಯಿ ತಕ್ಕೊಂಡು ಕೇಳಿಕೊಂತ ನಿಂತಿದ್ರು.

"ಒತ್ತಿದ್ರೇನ್ರಿ?" ಅಂದೆ ನಾನು.

"ಏನನ್ನ?"

ಫೋನ್ ಕೈಯಾಗಿತ್ತು. ಒಂದಕ್ಷರ ಒತ್ತಿರಲಿಲ್ಲ ಆ ಪುಣ್ಯಾತ್ಮ! "ಇನ್ನೊಮ್ಮೆ ಹೇಳ..." ಅಂತ ವೈನಿ ಕಡಿ ತಿರುಗಿದ್ರ, "ಸಾಕ ಹೋಗ್ರಿ, ನಾಚಿಗಿ ಬರತೈತಿ" ಅಂದ್ರು ವೈನಿ. ಆಗ ಇಡೀ ಪಡಸಾಲಿ ಒಕ್ಕೊರಲಿಂದ "ಕಾಂಗರೂ ರೀ ಸರ್, ಕಾಂಗರೂ!" ಅಂತ ಒದರಿತು. ಹೆಣಮಕ್ಕಳು ಒಬ್ಬೊಬ್ಬರು ಒಂದೊಂದು ಶಬ್ದ ಹೇಳಿದ್ರು, ಸರ್ ಒತ್ತಿದ್ರು. ಫೋನಿನ್ಯಾಗ ಒಂದು ಗಾಲಿ ತಿರುಗಿತು, ಜರಾ ನಿಂತಿತು, ಮತ್ತ ತಿರುಗಿತು. ತೆರೀತು.

ಬೋರಮಾಳ ಬಂತು. ಹಳೇದಕ್ಕಿಂತ ಗುಂಡು ಜರಾ ಸಣ್ಣ, ಆದ್ರ ಬಂತು. ಸರ್ ತಮ್ಮ ಕೈಯಾರೆ ಹಾಕಿದ್ರು, ಕೊಂಡಿ ಮುಂದ ಬರೋಹಂಗ ತಿರುವು ಮುರುವು. ಉಳಿದ ಕಾಯಿನ್ನಿನ್ಯಾಗ ಇನ್ನೊಂದು ಮಷಿನ್ ತರೋ ವಿಚಾರ ತಗದ್ರು. "ಈ ಸಲ ನನ್ನನ್ನ ಮಾರಿ ತರ್ರಿ" ಅಂದ್ರು ವೈನಿ. ಅಲ್ಲಿಗೆ ಮುಗೀತು.

ಹೋದ ತಿಂಗಳು ಮುಂಜಾನಿ ಚಾ ಕುಡದು ಕುರ್ಚಿಗೆ ಒರಗಿದವರು ಹಂಗ ಹ್ವಾದ್ರು. ಚಾ ಕುಡಿಯೋದು ಮಾತ್ರ ಅವತ್ತು ಮರತಿರಲಿಲ್ಲ ಅಂತ ವೈನಿ ಹೇಳಿ ಹೇಳಿ ಅತ್ತರು.

ಗಂಡ ಹೋದ ಹೆಣ್ಣಿಗೆ ನಮ್ಮ ಕಡಿ ಯಾರೂ ಒಡಪು ಕೇಳಂಗಿಲ್ಲ. ಕಾರ್ಯದಾಗ ಆಕಿ ಪಾಳಿ ದಾಟಿಸಿ ಮುಂದಿನಾಕಿಗೆ ಹೋಗ್ತಾರ. ಇದೇನ ಪದ್ಧತಿಯೋ, ನನಗ ಎಂದೂ ಸೇರಿಲ್ಲ. ಒಂದ ಸಂಜಿಕಡಿ ವೈನಿ ಗ್ವಾಡಿಗೆ ಕೈ ಹಚ್ಚಿ ನಿಂತು ಕೇಳಿದ್ರು: "ಅಕ್ಕೋರ, ಇನ್ನ ನನಗ ಅವರ ಹೆಸರು ಯಾರೂ ಕೇಳಂಗಿಲ್ಲಲ್ಲ?" ನಾ ಗ್ವಾಡಿ ಮ್ಯಾಲಿಂದ ಅವರ ಕೈ ಹಿಡಕೊಂಡೆ.

ಮೊನ್ನೆ ಪೆನ್ಶನ್ ಕೆಲಸಕ್ಕ ಇಬ್ಬರೂ ಯಾದಗಿರಿಗೆ ಹೋಗಿದ್ವಿ. ಕಚೇರಿ ತುಂಬ ಮಂದಿ. ನಮ್ಮ ಪಾಳಿ ಬಂದಾಗ ಆ ಗುಮಾಸ್ತ ಪಾಪ, ತಲಿ ಎತ್ತದ ಕೇಳಿದ: "ಗಂಡನ ಹೆಸರೇನ್ರಿ?"

ನಾ ಹೇಳಾಕ ಬಾಯಿ ತಗದೆ. ವೈನಿ ನನ್ನ ಕೈ ಹಿಡದು ತಡದ್ರು. "ನನ್ನ ಕೇಳಾಕತ್ತಾರ್ರಿ ಅಕ್ಕೋರ" ಅಂದ್ರು.

ಎದ್ದು ನಿಂತ್ರು. ಸೆರಗು ಹೊತ್ತುಕೊಂಡ್ರು. ಟಿಕೆಟ್ ತಗಸಿ ಬಸ್ ಹತ್ತಿಸಿ, ಆ ತುಂಬಿದ ಕಚೇರ್ಯಾಗ, ಗಟ್ಟಿ ದನಿಲೆ, ಪೂರಾ ಒಡಪು ಹೇಳಿದ್ರು. ಮೊದಲ ಯಾರೋ ಕಿಸಕ್ಕಂದ್ರು, ಆಮ್ಯಾಲ ಅವರೂ ವೈನಿ ಕಡಿ ತಿರುಗಿ ಕೂತ್ರು. ಲ್ಯಾಂಪ್ ಬಂತು, ಹೆಸರು ಬಂತು. ಮನಿಗೆ ಬಂದಾರ ಅನ್ನುವಾಗ ಮಾತ್ರ ನನ್ನ ಕೈ ಮತ್ತ ಹಿಡಕೊಂಡ್ರು.

ಗುಮಾಸ್ತ ಪೆನ್ನು ಕೆಳಗ ಇಟ್ಟು ಕೂತಿದ್ದ. "ಅವ್ವಾ, ಬರೇ ಹೆಸರು ಹೇಳಿದ್ರ ಸಾಕಿತ್ರಿ" ಅಂದ, ಮೆತ್ತಗ.

"ಬರೇ ಹೆಸರು ನನಗ ಹೇಳಾಕ ಬರಂಗಿಲ್ಲಪ್ಪಾ" ಅಂದ್ರು ವೈನಿ.